ದಮ್ಮಿನ ಮಾತ್ರೆ ಟಗರಿಗೆ ಹಾಕಿದ್ದೆ, ಈಗ ಏನು ಮಾಡಲಿ?

ಓದುಗರ ಪ್ರಶ್ನೆ:

"ಸರ್, ನಾನು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನವನು. ನಮ್ಮದು ಕೆಂಗುರಿ ಹಿಂಡು. ಬಕ್ರೀದ್‌ಗೆ ಮಾರೋಣ ಎಂದು 18 ಟಗರುಗಳನ್ನು ಬೇರೆ ಕಟ್ಟಿ ಮೇಯಿಸುತ್ತಿದ್ದೆ. ಸಂತೆಯಲ್ಲಿ ಒಬ್ಬ ದಲ್ಲಾಳಿ ಸಿಕ್ಕ. ದಮ್ಮಿನ ಮಾತ್ರೆ ಪುಡಿ ಮಾಡಿ ನುಚ್ಚಿನಲ್ಲಿ ಕಲಸಿ ಹಾಕು, ತೊಡೆ ತುಂಬಿಕೊಳ್ಳುತ್ತದೆ, ಕೊಬ್ಬು ಇಳಿಯುತ್ತದೆ ಅಂದ. ನಮ್ಮ ಅಪ್ಪನಿಗೂ ದಮ್ಮು ಇದೆ. ಅವರು ನುಂಗುವುದೂ ಅದೇ ಸಾಲ್ಬುಟಮಾಲ್ ಮಾತ್ರೆ. ಮನೆಯಲ್ಲಿ ಇರೋ ಮಾತ್ರೆ ತಾನೇ ಎಂದು ಹಾಕಿದೆ. ಮೊದಲ ಹತ್ತು ದಿನ ಟಗರು ಗಟ್ಟಿಯಾದ ಹಾಗೆ ಕಂಡವು. ಆಮೇಲೆ ಅಲ್ಲಿಗೇ ನಿಂತುಹೋಯಿತು. ಬಳ್ಳಾರಿಯಲ್ಲಿ ಫಾರ್ಮಸಿ ಓದುವ ಅಕ್ಕನ ಮಗನನ್ನು ಕೇಳಿದೆ. 'ಮಾಮಾ, ಇದು ಪಾರ್ಶಿಯಲ್ ಅಗೊನಿಸ್ಟ್. ಅಂದ್ರೆ ಅರ್ಧ ಕೆಲಸ ಮಾಡೋ ಔಷಧಿ. ಅದಕ್ಕೇ ಅಪಾಯ ಇಲ್ಲ. ಡಬಲ್ ಹಾಕಿದ್ರೆ ಪೂರ್ತಿ ಕೆಲಸ ಮಾಡುತ್ತೆ' ಅಂದ. ಡಬಲ್ ಹಾಕಿದೆ. ತೂಕ ಏರಲಿಲ್ಲ. ಎದೆ ಡಬಡಬ ಹೊಡೆದುಕೊಳ್ಳುತ್ತದೆ, ಬಾಯಿ ತೆರೆದು ತೇಕುತ್ತವೆ. ಮೊನ್ನೆ ಮಧ್ಯಾಹ್ನ ಟೆಂಪೋಗೆ ಹತ್ತಿಸಲು ಓಡಿಸಿ ಹಿಡಿದೆವು. ಒಂದು ಟಗರು ಅಲ್ಲೇ ಬಿದ್ದು ಸತ್ತಿತು. ಅರ್ಧ ಕೆಲಸ ಮಾಡುವ ಔಷಧಿ ಹೇಗೆ ಕೊಲ್ಲುತ್ತದೆ? ಉಳಿದ 17 ಟಗರು ಮಾರಬಹುದಾ? ಅಪ್ಪ ದಿನವೂ ಇದನ್ನೇ ತಗೊಳ್ತಾರೆ. ಅವರಿಗೇನಾದರೂ ಆಗುತ್ತಾ? ಹೆಸರು ಹಾಕಬೇಡಿ."

ಉತ್ತರ:

ಪತ್ರ ಬರೆದಿದ್ದು ಒಳ್ಳೆಯದಾಯಿತು. ಇಂಥದ್ದನ್ನು ಬಹಳ ಜನ ಮುಚ್ಚಿಡುತ್ತಾರೆ. ದಿನಕ್ಕೆ ಎಷ್ಟು ಮಾತ್ರೆ ಹಾಕಿದಿರಿ ಎಂದು ನೀವು ಬರೆದಿದ್ದನ್ನು ಮಾತ್ರ ಇಲ್ಲಿಂದ ತೆಗೆದಿದ್ದೇನೆ. ಇನ್ನೊಬ್ಬರು ಓದಿ ಅದನ್ನೇ ಮಾಡುವುದು ಬೇಡ.

ಮೊದಲು ಇವತ್ತಿನ ಕೆಲಸ. ಮಾತ್ರೆ ಕಲಸಿದ ನುಚ್ಚನ್ನು ಈಗಲೇ ನಿಲ್ಲಿಸಿ. ನಿಧಾನವಾಗಿ ಕಮ್ಮಿ ಮಾಡುತ್ತಾ ಬರಬೇಕಾದ ಔಷಧಿ ಇದಲ್ಲ. ಒಮ್ಮೆಲೇ ನಿಲ್ಲಿಸಬಹುದು. ಟಗರುಗಳನ್ನು ನೆರಳಿನಲ್ಲಿ ಬಿಡಿ, ತಣ್ಣೀರು ಸದಾ ಮುಂದಿರಲಿ. ಎರಡು ಮೂರು ದಿನ ಓಡಿಸಬೇಡಿ, ಗಾಡಿಗೆ ಹತ್ತಿಸಬೇಡಿ, ಉಣ್ಣೆ ಕತ್ತರಿಸಬೇಡಿ, ನಾಯಿ ಬೊಗಳುತ್ತಾ ಬೆನ್ನಟ್ಟುವ ಹಾಗೆ ಬಿಡಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಚಾರಿ ಚಿಕಿತ್ಸೆಯ ಗಾಡಿ ಬರುತ್ತದೆ. ಬಂದ ಡಾಕ್ಟರ್‌ಗೆ ಮಾತ್ರೆಯ ಖಾಲಿ ಪಟ್ಟಿ ತೋರಿಸಿ. ಏನೂ ಮುಚ್ಚಿಡಬೇಡಿ. ಏನು ಹಾಕಿದ್ದೀರಿ ಎಂದು ಗೊತ್ತಾದರೆ ಅವರ ಅರ್ಧ ಕೆಲಸ ಮುಗಿದಂತೆ.

ಈಗ ನಿಮ್ಮ ಅಳಿಯನ ಮಾತಿಗೆ ಬರೋಣ. ಅವನು ಹೇಳಿದ ಹೆಸರು ಸರಿ. ಸಾಲ್ಬುಟಮಾಲ್ ಪಾರ್ಶಿಯಲ್ ಅಗೊನಿಸ್ಟೇ. ಆದರೆ ಹೆಸರಿನಿಂದ ಅವನು ತೆಗೆದ ಎರಡು ಅರ್ಥಗಳೂ ತಪ್ಪು. 'ಅರ್ಧ ಕೆಲಸ, ಆದ್ದರಿಂದ ಅಪಾಯ ಇಲ್ಲ' ಎನ್ನುವುದು ತಪ್ಪು. 'ಡಬಲ್ ಹಾಕಿದರೆ ಪೂರ್ತಿ' ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಹುಡುಗನನ್ನು ಬೈಯಬೇಡಿ. ನಾನು ಮೂವತ್ತು ವರ್ಷ ಪಶುವೈದ್ಯ ವಿದ್ಯಾರ್ಥಿಗಳಿಗೆ ಇದೇ ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ಅರ್ಧ ತರಗತಿ ಇದೇ ಉತ್ತರ ಬರೆಯುತ್ತಿತ್ತು.

ಎಡದಂಡೆ ಕಾಲುವೆಯನ್ನು ನೆನಪು ಮಾಡಿಕೊಳ್ಳಿ. ತುಂಗಭದ್ರೆಯ ನೀರು ಕೊಪ್ಪಳ ದಾಟಿ ನಿಮ್ಮ ಜಿಲ್ಲೆಗೆ ಬರುತ್ತದಲ್ವಾ, ಅದೇ. ದೇಹದ ಒಂದೊಂದು ಜೀವಕೋಶದ ಮೇಲೂ ಸಣ್ಣ ಸಣ್ಣ ತೂಬುಗಳಿವೆ ಎಂದುಕೊಳ್ಳಿ. ಅವನ್ನು ರಿಸೆಪ್ಟರ್ ಎನ್ನುತ್ತೇವೆ. ಹೆದರಿಕೆಯಾದಾಗ, ಓಡುವಾಗ ದೇಹ ಅಡ್ರಿನಲಿನ್ ಬಿಡುತ್ತದೆ. ಅಡ್ರಿನಲಿನ್ ಬಂದು ಈ ತೂಬುಗಳನ್ನು ಎತ್ತುತ್ತದೆ. ತೂಬು ಎತ್ತಿದರೆ ಒಳಗೆ ಕೆಲಸ ಶುರುವಾಗುತ್ತದೆ. ಹೃದಯವಾದರೆ ಜೋರಾಗಿ ಬಡಿಯುತ್ತದೆ, ಶ್ವಾಸನಾಳವಾದರೆ ಸಡಿಲವಾಗುತ್ತದೆ, ಕೊಬ್ಬಾದರೆ ಕರಗುತ್ತದೆ.

ಅಡ್ರಿನಲಿನ್ ಒಂದು ತೂಬನ್ನು ಹಿಡಿದರೆ ಪೂರ್ತಿ ಎತ್ತುತ್ತದೆ. ಸಾಲ್ಬುಟಮಾಲ್ ಅದೇ ತೂಬನ್ನು ಹಿಡಿದರೆ ನಾಲ್ಕು ಬೆರಳಷ್ಟೇ ಎತ್ತುತ್ತದೆ. ಪಾರ್ಶಿಯಲ್ ಎಂದರೆ ಇಷ್ಟೇ. ಔಷಧಿಯ ಪ್ರಮಾಣ ಜಾಸ್ತಿ ಮಾಡಿದರೆ ಏನಾಗುತ್ತದೆ? ಇನ್ನಷ್ಟು ಕೈಗಳು ಇನ್ನಷ್ಟು ತೂಬುಗಳನ್ನು ಹಿಡಿಯುತ್ತವೆ. ಎಲ್ಲ ತೂಬುಗಳಿಗೂ ಒಂದೊಂದು ಕೈ ಸಿಕ್ಕ ಮೇಲೆ ಮುಗಿಯಿತು. ಆಮೇಲೆ ಎಷ್ಟು ಸುರಿದರೂ ನಾಲ್ಕು ಬೆರಳು ಐದು ಆಗುವುದಿಲ್ಲ. ಡಬಲ್ ಹಾಕಿದರೂ ತೂಕ ಏರದಿರಲು ಇದು ಒಂದು ಕಾರಣ. ಇನ್ನೊಂದು ಕಾರಣ ಮುಂದೆ ಹೇಳುತ್ತೇನೆ.

ಹಾಗಾದರೆ ಇದು ಎಲ್ಲ ಕಡೆಯೂ ಅರ್ಧವೇ ಕೆಲಸ ಮಾಡಬೇಕಲ್ವಾ? ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಒಂದು ಹೊಲಕ್ಕೆ ನೂರು ತೂಬು ಇದ್ದು, ಹೊಲ ತುಂಬಲು ಹತ್ತು ತೂಬಿನ ನೀರು ಸಾಕು ಎಂದುಕೊಳ್ಳಿ. ಆಗ ನೂರೂ ನಾಲ್ಕೇ ಬೆರಳು ತೆರೆದರೂ ಹೊಲ ತುಂಬುತ್ತದೆ. ನೋಡಿದವರು ಇದು ಪೂರ್ತಿ ಕೆಲಸ ಮಾಡುವ ಔಷಧಿ ಎನ್ನುತ್ತಾರೆ. ಇನ್ನೊಂದು ಹೊಲಕ್ಕೆ ಇರುವುದೇ ಐದು ತೂಬು. ಅಲ್ಲಿ ನಾಲ್ಕು ಬೆರಳಿನ ನೀರು ಬದು ನೆನೆಸಲಿಕ್ಕೂ ಸಾಲುವುದಿಲ್ಲ. ನೋಡಿದವರು ಇದು ಔಷಧಿಯೇ ಅಲ್ಲ ಎನ್ನುತ್ತಾರೆ. ಕಾಲುವೆಯ ಕೊನೆಭಾಗದ ರೈತರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಿಲ್ಲ. ಮೇಲ್ಭಾಗದವರು 'ನೀರು ಬಿಟ್ಟಿದ್ದಾರೆ' ಅನ್ನುವ ದಿನವೇ ಕೊನೆಭಾಗದವರು 'ನೀರೇ ಬಂದಿಲ್ಲ' ಅನ್ನುತ್ತಾರೆ. ಇಬ್ಬರದೂ ನಿಜ.

ಇದು ಸುಮ್ನೆ ಹೋಲಿಕೆಯಲ್ಲ. 1980ರಲ್ಲಿ ಕೆನಾಕಿನ್ ಮತ್ತು ಬೀಕ್ ಎಂಬ ಇಬ್ಬರು ವಿಜ್ಞಾನಿಗಳು ಪ್ರೆನಾಲ್ಟೆರಾಲ್ ಎಂಬ ಔಷಧಿಯನ್ನು ಬೇರೆ ಬೇರೆ ಪ್ರಾಣಿಗಳ ಬೇರೆ ಬೇರೆ ಅಂಗಗಳ ಮೇಲೆ ಹಾಕಿ ನೋಡಿದರು. ಅದೂ ಪಾರ್ಶಿಯಲ್ ಅಗೊನಿಸ್ಟ್. ಥೈರಾಯ್ಡ್ ಹಾರ್ಮೋನು ಕೊಟ್ಟು ಚುರುಕಾಗಿಸಿದ ಗಿನಿಯಿಲಿಯ ಹೃದಯದ ತುಂಡಿನಲ್ಲಿ ಅದು ಜೋರಾಗಿ ಕೆಲಸ ಮಾಡಿತು. ಬೇರೆ ಅಂಗಗಳಲ್ಲಿ ನಡುಮಟ್ಟ. ಅದೇ ಗಿನಿಯಿಲಿ ಜಾತಿಯ ಕಾಲಿನ ಸ್ನಾಯುವಿನಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಹೃದಯಕ್ಕೆ ಮಾತ್ರ ಹತ್ತುವ ಔಷಧಿ ಇದು ಎಂದು ಅಲ್ಲಿಯವರೆಗೆ ನಂಬಿದ್ದರು. ಅವರು ತೋರಿಸಿದ್ದು ಬೇರೆ. ಔಷಧಿ ಹೃದಯವನ್ನು ಆರಿಸಿಕೊಂಡಿರಲಿಲ್ಲ. ಕಾಲಿನ ಸ್ನಾಯುವಿನ ತೂಬನ್ನೂ ಅದು ಹಿಡಿಯುತ್ತಿತ್ತು. ಅಲ್ಲಿ ನೀರು ಸಾಲುತ್ತಿರಲಿಲ್ಲ ಅಷ್ಟೇ. ಹಿಡಿದಿತ್ತು ಎನ್ನುವುದಕ್ಕೆ ಸಾಕ್ಷಿ ಏನು? ಆ ಸ್ನಾಯುವಿಗೆ ಪೂರ್ತಿ ಎತ್ತುವ ಐಸೊಪ್ರೆನಾಲಿನ್ ಹಾಕಿದಾಗ ಪ್ರೆನಾಲ್ಟೆರಾಲ್ ಅದನ್ನು ತಡೆಯಿತು.

ಈ ತಡೆಯುವ ಗುಣವನ್ನು ಚೆನ್ನಾಗಿ ತಿಳಿದುಕೊಳ್ಳಿ. ತೂಬಿನ ಮೇಲೆ ಒಂದೇ ಕೈಗೆ ಜಾಗ. ನಾಲ್ಕು ಬೆರಳು ಎತ್ತುವವನು ಅದನ್ನು ಹಿಡಿದು ಕೂತರೆ, ಪೂರ್ತಿ ಎತ್ತಬಲ್ಲವನಿಗೆ ಕೈಹಾಕಲು ಜಾಗವಿಲ್ಲ. ಒಣಗಿದ ಕಾಲದಲ್ಲಿ ಅವನು ನೀರು ಬಿಡುವವನು. ಪ್ರವಾಹದ ಕಾಲದಲ್ಲಿ ಅವನೇ ನೀರು ತಡೆಯುವವನು. ಮನುಷ್ಯ ಒಬ್ಬನೇ, ಕೆಲಸವೂ ಒಂದೇ. ಬದಲಾದದ್ದು ಸುತ್ತಲಿನ ಪರಿಸ್ಥಿತಿ.

ನಾನು ಓದುವಾಗ ಇದನ್ನು ಕಣ್ಣಾರೆ ನೋಡಿದ್ದೆ. ಆಗ ಕಂಪ್ಯೂಟರ್ ಇರಲಿಲ್ಲ. ಮಸಿ ಹಿಡಿಸಿದ ಕಾಗದ ಸುತ್ತಿದ ಡ್ರಮ್ಮು ನಿಧಾನವಾಗಿ ತಿರುಗುತ್ತಿತ್ತು, ಅದರ ಮೇಲೆ ಮುಳ್ಳು ಗೆರೆ ಎಳೆಯುತ್ತಿತ್ತು. ಗಿನಿಯಿಲಿಯ ಶ್ವಾಸನಾಳದ ತುಂಡನ್ನು 37 ಡಿಗ್ರಿಯ ಉಪ್ಪುನೀರಿನಲ್ಲಿ ನೇತುಹಾಕಿದ್ದೆವು. ಅದನ್ನು ಸ್ವಲ್ಪ ಬಿಗಿ ಮಾಡಿ ಐಸೊಪ್ರೆನಾಲಿನ್ ಹಾಕಿದರೆ ಸಡಿಲವಾಯಿತು. ಸಾಲ್ಬುಟಮಾಲ್ ಹಾಕಿದರೂ ಹೆಚ್ಚುಕಮ್ಮಿ ಅಷ್ಟೇ ಸಡಿಲ. ಎರಡೂ ಒಂದೇ ಎಂದು ಬರೆದುಕೊಂಡೆ. ಮೇಷ್ಟ್ರು ಬಂದು, ಈಗ ಕಾರ್ಬಕಾಲ್ ಜಾಸ್ತಿ ಹಾಕಿ ಚೆನ್ನಾಗಿ ಬಿಗಿ ಮಾಡಿ ನೋಡು ಅಂದರು. ಐಸೊಪ್ರೆನಾಲಿನ್ ಆಗಲೂ ಒಳ್ಳೆಯ ಕೆಲಸ ಮಾಡಿತು. ಸಾಲ್ಬುಟಮಾಲ್ ಅರ್ಧದಾರಿಯಲ್ಲೇ ನಿಂತಿತು. ಇನ್ನಷ್ಟು ಹಾಕಿದೆ. ಮುಳ್ಳು ಅಲ್ಲಾಡಲಿಲ್ಲ. ಔಷಧಿ ಹಳತಾಗಿದೆ ಸರ್ ಅಂದೆ. 'ಔಷಧಿ ಅದೇ ಶೀಶೆಯದು. ನೀನು ಅಂಗವನ್ನು ಬದಲು ಮಾಡಿದ್ದೀಯಾ' ಅಂದರು. ಕೈಗೆ ಹತ್ತಿದ ಆ ಮಸಿಯ ಜೊತೆಗೇ ಆ ಮಾತು ನನ್ನೊಳಗೆ ಉಳಿದಿದೆ. ಆಮೇಲೆ ಯಾವ ಔಷಧಿಯ ಬಗ್ಗೆ ಯಾರು ಕೇಳಿದರೂ, ಯಾವ ಪ್ರಾಣಿ, ಯಾವ ಅಂಗ, ಆಗ ಅದು ಯಾವ ಸ್ಥಿತಿಯಲ್ಲಿತ್ತು ಎಂದು ತಿರುಗಿ ಕೇಳುವುದು ನನಗೆ ರೂಢಿಯಾಯಿತು.

ಇನ್ನು ನಿಮ್ಮ ಟಗರಿನ ಸಾವು.

ತೂಬುಗಳಲ್ಲೂ ಜಾತಿಗಳಿವೆ. 1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್ ಅವನ್ನು ಆಲ್ಫಾ, ಬೀಟಾ ಎಂದು ಎರಡು ಮಾಡಿದರು. 1967ರಲ್ಲಿ ಬೀಟಾ ಮತ್ತೆ ಎರಡಾಯಿತು. ಹೃದಯದಲ್ಲಿ ಹೆಚ್ಚಾಗಿ ಬೀಟಾ-1. ಶ್ವಾಸನಾಳ, ರಕ್ತನಾಳ, ಗರ್ಭಕೋಶ, ಮೈಯ ಸ್ನಾಯು ಇವುಗಳಲ್ಲಿ ಹೆಚ್ಚಾಗಿ ಬೀಟಾ-2. ಸಾಲ್ಬುಟಮಾಲ್ 1969ರಲ್ಲಿ ಮಾರುಕಟ್ಟೆಗೆ ಬಂದದ್ದೇ ಬೀಟಾ-2ನ್ನು ಹುಡುಕಿ ಹಿಡಿಯುವ ಔಷಧಿಯಾಗಿ. ಎದೆ ಬಡಿತ ಜಾಸ್ತಿ ಮಾಡದೆ ದಮ್ಮು ಬಿಡಿಸಬೇಕು ಎನ್ನುವುದು ಉದ್ದೇಶ. ಆದರೆ 'ಹುಡುಕಿ ಹಿಡಿಯುತ್ತದೆ' ಎನ್ನುವುದು ಕಡಿಮೆ ಪ್ರಮಾಣದಲ್ಲಿ ಮಾತ್ರ ನಿಜ. ಪ್ರಮಾಣ ಏರಿದ ಹಾಗೆ ಹೃದಯದ ತೂಬುಗಳಿಗೂ ಕೈ ಹೋಗುತ್ತದೆ. ನೀವು ಡಬಲ್ ಮಾಡಿದಾಗ ಸ್ನಾಯುವಿನಲ್ಲಿ ಹೊಸದಾಗಿ ಏನೂ ಸಿಗಲಿಲ್ಲ, ಅಲ್ಲಿ ಆಗಲೇ ಮಿತಿ ಮುಟ್ಟಿತ್ತು. ಹೊಸದಾಗಿ ಸಿಕ್ಕಿದ್ದು ಎದೆಬಡಿತ.

ಜೊತೆಗೆ ಇನ್ನೂ ಮೂರು ಸೇರಿಕೊಂಡವು. ಬೀಟಾ-2 ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಒತ್ತಡ ಇಳಿದಾಗ ಹೃದಯ ಅದನ್ನು ಸರಿದೂಗಿಸಲು ಇನ್ನೂ ಜೋರಾಗಿ ಓಡುತ್ತದೆ. ರಕ್ತದಲ್ಲಿರುವ ಪೊಟ್ಯಾಶಿಯಂ ಸ್ನಾಯುವಿನೊಳಗೆ ಸರಿದುಹೋಗುತ್ತದೆ, ಅದು ಕಮ್ಮಿಯಾದರೆ ಹೃದಯದ ತಾಳ ತಪ್ಪುವುದು ಸುಲಭ. ಮೂರನೆಯದು ಶಾಖ. ಈ ಗುಂಪಿನ ಔಷಧಿಗಳು ಮೈಯೊಳಗಿನ ಶಾಖವನ್ನು ಹೆಚ್ಚಿಸುತ್ತವೆ. ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಅಂದರೆ ಏನೆಂದು ನಿಮಗೆ ಗೊತ್ತು. ಅಂಥ ಹೊತ್ತಿನಲ್ಲಿ ಟಗರನ್ನು ಓಡಿಸಿದಿರಿ. ಹೆದರಿಕೆಯ ಅಡ್ರಿನಲಿನ್ ಮೈಯೊಳಗೆ ಉಕ್ಕಿತು.

ಇಲ್ಲಿ ಅಳಿಯ ಕೇಳಬಹುದು, ಪಾರ್ಶಿಯಲ್ ಅಗೊನಿಸ್ಟ್ ಅಡ್ರಿನಲಿನ್ ಅನ್ನು ತಡೆಯುತ್ತದೆ ಎಂದಿರಲ್ಲ, ಹಾಗಾದರೆ ಟಗರು ಉಳಿಯಬೇಕಿತ್ತಲ್ವಾ ಎಂದು. ಒಳ್ಳೆಯ ಪ್ರಶ್ನೆ. ತಡೆ ಇರುವುದು ತಾನು ಹಿಡಿದ ತೂಬಿನಲ್ಲಿ ಮಾತ್ರ. ಹೃದಯದ ಬೀಟಾ-1 ತೂಬುಗಳ ಮೇಲೆ ಸಾಲ್ಬುಟಮಾಲ್‌ಗೆ ಬಿಗಿಹಿಡಿತ ಇಲ್ಲ. ಅವು ಅಡ್ರಿನಲಿನ್‌ಗೆ ತೆರೆದೇ ಇದ್ದವು. ಔಷಧಿ ಹೃದಯವನ್ನು ಓಡಿಸುವಷ್ಟು ಮುಟ್ಟಿತು, ಕಾಪಾಡುವಷ್ಟು ಹಿಡಿಯಲಿಲ್ಲ. ಟಗರನ್ನು ಕೊಯ್ದು ನೋಡದೆ ಯಾವ ವೈದ್ಯನೂ ಸಾವಿನ ಕಾರಣಕ್ಕೆ ಸಹಿ ಹಾಕುವುದಿಲ್ಲ. ಆದರೆ ನೀವು ಬರೆದ ಲಕ್ಷಣಗಳೆಲ್ಲ ಈ ಕಡೆಗೇ ಬೊಟ್ಟು ಮಾಡುತ್ತವೆ.

'ಪಾರ್ಶಿಯಲ್ ಆದ್ದರಿಂದ ಮೆತ್ತಗಿನ ಔಷಧಿ' ಎನ್ನುವ ನಂಬಿಕೆ ದೊಡ್ಡ ದೊಡ್ಡ ವೈದ್ಯರಿಗೂ ಇತ್ತು. ಕ್ಸಾಮೊಟೆರಾಲ್ ಎಂಬ ಪಾರ್ಶಿಯಲ್ ಅಗೊನಿಸ್ಟ್ ಇತ್ತು. ಸುಸ್ತಾದ ಹೃದಯಕ್ಕೆ ಸ್ವಲ್ಪ ತಳ್ಳು ಕೊಡುತ್ತದೆ, ಅಡ್ರಿನಲಿನ್ ಜಾಸ್ತಿಯಾದಾಗ ತಡೆಯುತ್ತದೆ, ಎರಡೂ ಕಡೆ ಲಾಭ ಎಂದುಕೊಂಡರು. ಸ್ವಲ್ಪ ತೊಂದರೆ ಇದ್ದ ರೋಗಿಗಳಲ್ಲಿ ಚೆನ್ನಾಗಿಯೇ ಕಂಡಿತು. ಹೃದಯ ತೀರಾ ಸೋತಿದ್ದ 516 ರೋಗಿಗಳಲ್ಲಿ ಪರೀಕ್ಷೆ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆ ಗುಳಿಗೆಯಂಥ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಸತ್ತವರು ನೂರಕ್ಕೆ 3.7. ಕ್ಸಾಮೊಟೆರಾಲ್ ತೆಗೆದುಕೊಂಡವರಲ್ಲಿ 9.1. ಔಷಧಿ ಅದೇ, ಹೃದಯದ ಸ್ಥಿತಿ ಬೇರೆ. ಈ ಅಂಕಿಗಳನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಬರೆಸುತ್ತಿದ್ದೆ.

ಹತ್ತು ದಿನ ಬೆಳೆದು ಯಾಕೆ ನಿಂತಿತು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ ಎಂದೆನಲ್ಲ. ತೂಬನ್ನು ದಿನವೂ ಎತ್ತುತ್ತಾ ಇದ್ದರೆ ಜೀವಕೋಶ ಸುಮ್ಮನಿರುವುದಿಲ್ಲ. ಮೊದಲು ತೂಬಿಗೆ ಬೀಗ ಹಾಕುತ್ತದೆ. ಆಮೇಲೆ ತೂಬನ್ನೇ ಕಿತ್ತು ಒಳಗೆ ಎಳೆದುಕೊಳ್ಳುತ್ತದೆ. ವಾರಗಳು ಕಳೆದಂತೆ ತೂಬುಗಳ ಸಂಖ್ಯೆಯೇ ಕಮ್ಮಿಯಾಗುತ್ತದೆ. ತೂಬು ಕಮ್ಮಿಯಾದಾಗ ಹೆಚ್ಚು ಸೋಲುವುದು ಯಾರು? ಪೂರ್ತಿ ಎತ್ತುವವನಲ್ಲ, ನಾಲ್ಕು ಬೆರಳಿನವನು. ತೂಬುಗಳ ಸಂಖ್ಯೆಯೇ ಅವನ ಬಂಡವಾಳ. ಅಮೆರಿಕದಲ್ಲಿ ದನಗಳಿಗೆ ರ‍್ಯಾಕ್ಟೊಪಮೈನ್ ಎಂಬ ಇದೇ ಗುಂಪಿನ ಔಷಧಿಗೆ ಅನುಮತಿ ಇದೆ. ಅದನ್ನೂ ಕಡೆಯ 28ರಿಂದ 42 ದಿನ ಮಾತ್ರ ಕೊಡುತ್ತಾರೆ. ಅದೂ ಅಳತೆ ಮಾಡಿ ಬೆರೆಸಿದ ಮೇವಿನಲ್ಲಿ, ಒಳ್ಳೆಯ ಹಿಂಡಿ ತಿನ್ನುವ ಪ್ರಾಣಿಗೆ.

ದಲ್ಲಾಳಿಯ ಮಾತಿನಲ್ಲಿ ನಿಜವಿಲ್ಲವೇ ಎಂದರೆ, ಇದೆ. ಅದನ್ನು ಮುಚ್ಚಿಡುವುದಿಲ್ಲ. ಕ್ಲೆನ್‌ಬುಟರಾಲ್ ಎಂಬ ಇದರ ದಾಯಾದಿ ಔಷಧಿ ಕುರಿಮರಿಗಳಲ್ಲಿ ಮಾಂಸ ಹೆಚ್ಚಿಸಿ ಕೊಬ್ಬು ಇಳಿಸುತ್ತದೆ ಎಂದು 1984ರಲ್ಲೇ ಬರೆದಿದ್ದಾರೆ. ಅದೂ ಪಾರ್ಶಿಯಲ್ ಅಗೊನಿಸ್ಟೇ. ಆದರೆ ಹಾಗೆ ಬೆಳೆದ ಮಾಂಸ ಗಡುಸು. ಕೊಯ್ದ ಮೇಲೆ ಮಾಂಸವನ್ನು ಮೆತ್ತಗೆ ಮಾಡುವ ಕಿಣ್ವವನ್ನು ಈ ಔಷಧಿ ಕಟ್ಟಿಹಾಕುತ್ತದೆ. ಎಷ್ಟು ಬೇಯಿಸಿದರೂ ರಬ್ಬರಿನ ಹಾಗೆ ಎಳೆಯುತ್ತದೆ. ಕೆಂಗುರಿ ಮಾಂಸಕ್ಕೆ ಇರುವ ಒಳ್ಳೆಯ ಹೆಸರು ಎರಡು ಹಬ್ಬಗಳಲ್ಲಿ ಹೋಗಿಬಿಡುತ್ತದೆ. ದಲ್ಲಾಳಿ ಮುಂದಿನ ವರ್ಷ ಬೇರೆ ಊರಿಗೆ ಹೋಗುತ್ತಾನೆ. ಹಿಂಡು ಇಟ್ಟುಕೊಂಡು ಊರಲ್ಲೇ ಇರಬೇಕಾದವರು ನೀವು.

ಇದಕ್ಕಿಂತ ದೊಡ್ಡ ಮಾತು, ಅದನ್ನು ತಿನ್ನುವವರದು. 1990ರಲ್ಲಿ ಸ್ಪೇನ್ ದೇಶದಲ್ಲಿ ಕ್ಲೆನ್‌ಬುಟರಾಲ್ ಹಾಕಿ ಬೆಳೆಸಿದ ದನದ ಲಿವರ್ ತಿಂದು 135 ಜನ ಕಾಯಿಲೆ ಬಿದ್ದರು. ಕೈ ನಡುಕ, ಎದೆಬಡಿತ, ತಲೆನೋವು. ಲಿವರ್‌ನಲ್ಲಿ ಈ ಔಷಧಿಗಳು ಜಾಸ್ತಿ ಉಳಿಯುತ್ತವೆ. ಬೇಯಿಸಿದರೆ ಹೋಗುತ್ತದೆ ಎನ್ನುವುದನ್ನು ನಂಬಬೇಡಿ. ನೀರು ಕುದಿಯುವ ಶಾಖಕ್ಕೆ ಕ್ಲೆನ್‌ಬುಟರಾಲ್ ಜಗ್ಗುವುದಿಲ್ಲ. ಯುರೋಪಿನ ದೇಶಗಳು 1996ರಲ್ಲಿ ಪ್ರಾಣಿ ಕೊಬ್ಬಿಸಲು ಈ ಇಡೀ ಗುಂಪನ್ನೇ ನಿಷೇಧಿಸಿದವು. ಸಾಲ್ಬುಟಮಾಲ್ ಮೈಯಿಂದ ಕ್ಲೆನ್‌ಬುಟರಾಲ್‌ಗಿಂತ ಬೇಗ ಹೊರಹೋಗುತ್ತದೆ, ನಿಜ. ಅದೊಂದು ಸಮಾಧಾನ. ಆದರೆ ಹಬ್ಬದ ದಿನ ಲಿವರ್ ಹುರಿದು ಮೊದಲು ಬಡಿಸುವುದು ಯಾರಿಗೆ? ಮನೆಯ ಹಿರಿಯರಿಗೆ, ಮಕ್ಕಳಿಗೆ. ಅದರಲ್ಲಿ ಒಬ್ಬರಿಗೆ ಹೃದಯದ ಕಾಯಿಲೆ ಇದ್ದರೆ?

ಮಾರಬಹುದಾ ಎಂದು ಕೇಳಿದ್ದೀರಿ. ನಿಮ್ಮ ಮುಂದೆ ಮೂರು ದಾರಿ ಇವೆ.

ಈಗಲೇ ಮಾರುವುದು ಒಂದು. ಬೆಲೆ ಸಿಗುತ್ತದೆ. ಆದರೆ ತಿಂದವರ ಮೈಗೆ ಔಷಧಿ ಹೋಗುತ್ತದೆ. ಓಡಾಟದಲ್ಲಿ ಇನ್ನೂ ಒಂದೆರಡು ಟಗರು ಗಾಡಿಯಲ್ಲೇ ಸಾಯಬಹುದು. ಈ ದಾರಿ ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎರಡನೆಯದು, ನಿಲ್ಲಿಸಿ ಕಾಯುವುದು. ಎಷ್ಟು ದಿನ? ಪ್ರಾಣಿಗೆಂದು ಒಪ್ಪಿಗೆ ಪಡೆದ ಔಷಧಿಯ ಲೇಬಲ್ ಮೇಲೆ, ಕೊಟ್ಟು ಇಷ್ಟು ದಿನ ಮಾಂಸಕ್ಕೆ ಬಳಸಬೇಡಿ ಎಂದು ಇರುತ್ತದೆ. ದಮ್ಮಿನ ಮಾತ್ರೆಯ ಪಟ್ಟಿಯ ಮೇಲೆ ಅದು ಇರಲು ಸಾಧ್ಯವೇ ಇಲ್ಲ. 2012ರಲ್ಲಿ ನಮ್ಮ ದೇಶದ ಔಷಧ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಪಶು ಔಷಧಿಗೆ ಅಂಥ ಅವಧಿ ಗೊತ್ತುಮಾಡಿಲ್ಲದಿದ್ದರೆ ಮಾಂಸಕ್ಕೆ ಕನಿಷ್ಠ 28 ದಿನ, ಹಾಲು ಮತ್ತು ಮೊಟ್ಟೆಗೆ 7 ದಿನ ಎಂದು ಅದು ಹೇಳುತ್ತದೆ. ಆ 28 ದಿನಕ್ಕಿಂತ ಒಂದು ದಿನವೂ ಕಮ್ಮಿ ಮಾಡಬೇಡಿ. ಈ ದಾರಿಯ ನಷ್ಟ ಏನೆಂದರೆ, ಬಂದ ತೂಕದಲ್ಲಿ ಸ್ವಲ್ಪ ಇಳಿಯುತ್ತದೆ. ಹಬ್ಬದ ಬೆಲೆಯೂ ತಪ್ಪಬಹುದು. ಸಾಲ ಮಾಡಿ ಟಗರು ಕಟ್ಟಿದ್ದರೆ ಅದು ಸಣ್ಣ ಮಾತಲ್ಲ, ನನಗೆ ಗೊತ್ತು. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ.

ಮೂರನೆಯದು, ಹಬ್ಬದ ಆಸೆ ಬಿಟ್ಟು ಒಳ್ಳೆಯ ಟಗರುಗಳನ್ನು ಬೀಜಕ್ಕೆ ಇಟ್ಟುಕೊಳ್ಳುವುದು ಅಥವಾ ಬೀಜದ ಟಗರಾಗಿ ಮಾರುವುದು. ಕೆಂಗುರಿಗೆ ಲಿಂಗಸುಗೂರು, ಸಿಂಧನೂರು, ಗಂಗಾವತಿ ಕಡೆಯೇ ತವರು. ಒಳ್ಳೆಯ ಟಗರಿಗೆ ಕೇಳುವವರು ಇದ್ದೇ ಇರುತ್ತಾರೆ. ಔಷಧಿ ತಿಂದ ವಿಷಯ ಮಾತ್ರ ಹೇಳಿಯೇ ಕೊಡಿ.

ಒಂದು ಎಚ್ಚರಿಕೆ. ಗಬ್ಬದ ಕುರಿಗಳು ಈ ನುಚ್ಚಿಗೆ ಬಾಯಿ ಹಾಕಿದ್ದವಾ ನೋಡಿ. ಬೀಟಾ-2 ಗರ್ಭಕೋಶವನ್ನು ಸಡಿಲ ಮಾಡುತ್ತದೆ. ಈಯುವ ಹೊತ್ತಿಗೆ ನೋವು ಬಾರದೆ ಮರಿ ಒಳಗೇ ಕಷ್ಟಪಡಬಹುದು. ಸತ್ತ ಟಗರಿನ ಮಾಂಸವನ್ನು ನಾಯಿಗೂ ಹಾಕಬೇಡಿ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಮಾಲೀಕರ ದಮ್ಮಿನ ಪಂಪು (ಇನ್ಹೇಲರ್) ಕಚ್ಚಿ ತೂತು ಮಾಡಿದ ನಾಯಿಗಳು ಎದೆಬಡಿತದಿಂದ ಸಾಯುವ ಸ್ಥಿತಿಗೆ ಬರಬಹುದು. ಮಾತ್ರೆಯ ಪಟ್ಟಿಯನ್ನು ನಾಯಿಗೆ ಸಿಗದ ಹಾಗೆ ಮೇಲೆ ಇಡಿ.

ತೂಕ ಬರಬೇಕಾದರೆ ಹಳೆಯ ದಾರಿಯೇ ಗಟ್ಟಿ. ಮೊದಲು ಜಂತಿನ ಔಷಧಿ. ಕಾಳು, ಹಿಂಡಿ ಜಾಸ್ತಿ ಮಾಡುವ ಮೊದಲು ಕರುಳುಬೇನೆಯ ಲಸಿಕೆ. ಆಮೇಲೆ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ತೊಗರಿ ಹೊಟ್ಟು, ಖನಿಜದ ಪುಡಿ. ಕಾಳನ್ನು ಹತ್ತು ಹನ್ನೆರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಒಮ್ಮೆಲೇ ಹಾಕಿದರೆ ಹೊಟ್ಟೆ ಹುಳಿಯಾಗಿ ಬೀಳುತ್ತವೆ.

ಈಗ ನಿಮ್ಮ ಅಪ್ಪನ ವಿಷಯ. ಔಷಧಿ ಅದೇ ಎಂದು ಹೆದರಿ ಅವರ ಮಾತ್ರೆ ಕಿತ್ತುಕೊಳ್ಳಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಅದು ಲಕ್ಷಾಂತರ ಜನರ ಉಸಿರು ಕಾಯುತ್ತಿದೆ. ಅವರಿಗೆ ಶ್ವಾಸನಾಳ ಸಡಿಲವಾಗುತ್ತದೆ, ಕೈ ಸ್ವಲ್ಪ ನಡುಗುತ್ತದೆ, ಕೆಲವೊಮ್ಮೆ ಎದೆ ಹೊಡೆದುಕೊಳ್ಳುತ್ತದೆ. ಒಂದೇ ಔಷಧಿ, ಮೂರು ಅಂಗ, ಮೂರು ಫಲ.

ಆದರೆ ಮೂರು ಮಾತು ಅವರ ವೈದ್ಯರ ಹತ್ತಿರ ಕೇಳಿ. ಮೊದಲನೆಯದು, ಮಾತ್ರೆಯ ಬದಲು ಪಂಪು ಆಗುತ್ತದಾ ಎಂದು. ಪಂಪು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆ ಅದರ 40 ಪಟ್ಟು. ಪಂಪಿನದು ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಮಾತ್ರೆಯದು ಇಡೀ ಮೈ ಸುತ್ತಿ ಬರುತ್ತದೆ. 'ಪಂಪು ಅಭ್ಯಾಸವಾಗಿಬಿಡುತ್ತದೆ, ಮಾತ್ರೆಯೇ ಸಾದಾ' ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಇರುವುದು ಅದರ ಉಲ್ಟಾ. ಎರಡನೆಯದು, ಸಾಲ್ಬುಟಮಾಲ್ ಒಂದನ್ನೇ ನಂಬಿಕೊಂಡಿರುವುದು ಸರಿಯಾ ಎಂದು. ದಮ್ಮಿನ ಬಗ್ಗೆ ಜಗತ್ತಿನ ವೈದ್ಯರು ಕೂಡಿ ರೂಪಿಸುವ ಮಾರ್ಗಸೂಚಿ 2019ರಲ್ಲೇ ಬದಲಾಯಿತು. ಶ್ವಾಸನಾಳದ ಊತ ಇಳಿಸುವ ಸ್ಟೀರಾಯ್ಡ್ ಪಂಪು ಜೊತೆಗಿರಬೇಕು ಎಂದು ಅದು ಹೇಳುತ್ತದೆ. ಮೂರನೆಯದು, ಬಿಪಿಗೆ, ಕೈನಡುಕಕ್ಕೆ, ಕಣ್ಣಿನ ಒತ್ತಡಕ್ಕೆ ಯಾರಾದರೂ ಔಷಧಿ ಬರೆದರೆ 'ನನಗೆ ದಮ್ಮು ಇದೆ' ಎಂದು ಮೊದಲೇ ಹೇಳಲಿ. ಪ್ರೊಪ್ರನಲಾಲ್ ಮಾತ್ರೆ, ಟಿಮೊಲಾಲ್ ಕಣ್ಣಿನ ಹನಿ ಇವು ಬೀಟಾ ತೂಬುಗಳನ್ನು ಪೂರ್ತಿ ಮುಚ್ಚುತ್ತವೆ. ದಮ್ಮಿನವರಿಗೆ ಒಂದು ಕಣ್ಣಿನ ಹನಿಯೇ ಉಸಿರು ಕಟ್ಟಿಸಬಹುದು.

ಗಿನಿಯಿಲಿಯ ಶ್ವಾಸನಾಳವನ್ನು ಜೋರಾಗಿ ಬಿಗಿ ಮಾಡಿದಾಗ ಸಾಲ್ಬುಟಮಾಲ್ ಅರ್ಧದಾರಿಯಲ್ಲಿ ನಿಂತಿತು ಎಂದೆನಲ್ಲ. ಮನುಷ್ಯರಲ್ಲೂ ಅದೇ. ದಮ್ಮು ತೀರಾ ಜೋರಾದ ರಾತ್ರಿ ಪಂಪು ಒತ್ತಿದರೂ, ಮಾತ್ರೆ ನುಂಗಿದರೂ ಬಿಡದಿದ್ದರೆ, ಇನ್ನೆರಡು ಮಾತ್ರೆ ನುಂಗಿ ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಮಾತು ಪೂರ್ತಿ ಮಾಡಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ದಾರಿಯಲ್ಲಿ ಪಂಪು ಒತ್ತುತ್ತಲೇ ಆಸ್ಪತ್ರೆಗೆ ಹೊರಡಿ. ಅಲ್ಲಿ ಆಕ್ಸಿಜನ್ ಇದೆ, ಸ್ಟೀರಾಯ್ಡ್ ಇದೆ, ಬೇರೆ ಬಾಗಿಲಿನಿಂದ ಹೋಗುವ ಔಷಧಿಗಳಿವೆ.

ಕೊನೆಗೆ ಅಳಿಯನಿಗೆ ಒಂದು ಮಾತು. ಅವನ ಕಾಲೇಜಿನಲ್ಲಿ ಪ್ರಾಣಿಯ ಬದಲು ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಿಸುವ ಪ್ರೋಗ್ರಾಂ ಇದ್ದರೆ ಒಂದು ಸಂಜೆ ಕೂರಲಿ. ಮೊದಲು ಸುಮ್ಮನಿರುವ ಅಂಗದ ಮೇಲೆ ಪಾರ್ಶಿಯಲ್ ಅಗೊನಿಸ್ಟ್ ಹಾಕಿ ಗೆರೆ ಎಷ್ಟು ಏರುತ್ತದೆ ನೋಡಲಿ. ಆಮೇಲೆ ತೊಳೆದು, ಪೂರ್ತಿ ಎತ್ತುವ ಔಷಧಿಯನ್ನು ಹಾಕಿ ಗೆರೆ ತುದಿಗೆ ಹೋದ ಮೇಲೆ, ಅದರ ಮೇಲೇ ಪಾರ್ಶಿಯಲ್ ಅಗೊನಿಸ್ಟನ್ನು ಜಾಸ್ತಿ ಜಾಸ್ತಿ ಹಾಕುತ್ತಾ ಹೋಗಲಿ. ಗೆರೆ ಇಳಿಯುತ್ತದೆ. ಇಳಿದು ಇಳಿದು, ಮೊದಲ ಸಲ ಅದು ಒಂಟಿಯಾಗಿ ಎಲ್ಲಿ ನಿಂತಿತ್ತೋ ಅಲ್ಲಿಗೇ ಬಂದು ನಿಲ್ಲುತ್ತದೆ. ಯಾಕೆ ಅಲ್ಲಿಗೇ ಬಂತು ಎಂದು ಅವನೇ ಊರಿಗೆ ಬಂದು ನಿಮಗೆ ಹೇಳಲಿ.